ದೂರವಾಣಿಗೆ ಕೆಮ್ಮಿದ ಮಗು

ಗ್ರಹಾಂ ಬೆಲ್ ದೂರವಾಣಿಗೆ ಪೇಟೆಂಟ್ ಪಡೆದು ಆಗಿನ್ನೂ ಮೂರು ವರ್ಷ. 1879ರ ನವೆಂಬರಿನಲ್ಲಿ ಲಂಡನ್ನಿನ ವೈದ್ಯಪತ್ರಿಕೆ 'ಲ್ಯಾನ್ಸೆಟ್' ಒಂದು ಪುಟ್ಟ ಪ್ರಸಂಗವನ್ನು ಅಚ್ಚುಹಾಕಿತು. ನಡುರಾತ್ರಿ ಮಗು ಕೆಮ್ಮುತ್ತಿದೆ. ಗಂಟಲು ಊದಿ ಉಸಿರು ಕಟ್ಟಿಸುವ ಕ್ರೂಪ್ ಇರಬಹುದೆಂದು ತಾಯಿಗೂ ಅಜ್ಜಿಗೂ ದಿಗಿಲು. ಫೋನಿಗೆ ಸಿಕ್ಕ ವೈದ್ಯರು, ಮಗುವನ್ನು ಎತ್ತಿ ಹತ್ತಿರ ಹಿಡಿಯಿರಿ, ಕೆಮ್ಮು ಕೇಳಿಸಲಿ ಎಂದರು. ಕೇಳಿಸಿಕೊಂಡು, ಇದು ಕ್ರೂಪ್ ಅಲ್ಲ, ಮಲಗಿಕೊಳ್ಳಿ ಎಂದರು. ಹಾಸಿಗೆ ಬಿಟ್ಟು ಏಳುವ ಕಷ್ಟ ಅವರಿಗೂ ತಪ್ಪಿತೆನ್ನಿ.

ಆ ಮಗುವಿನದು ಬರೀ ಕೆಮ್ಮು. ಉಸಿರಿಗೆ ಯಂತ್ರ, ಊಟಕ್ಕೆ ನಳಿಗೆ ಬೇಕಾದ ಮಕ್ಕಳು ಆ ಕಾಲದಲ್ಲಿ ಉಳಿಯುವುದೇ ದುಸ್ತರವಾಗಿತ್ತು. ಮುಂದೆ ವೈದ್ಯಕೀಯ ಬೆಳೆದು ಅವರು ಉಳಿದರು, ಆದರೆ ಆಸ್ಪತ್ರೆಯೇ ಅವರ ಮನೆಯಾಯಿತು. ಅಮೆರಿಕದ ಅಯೋವಾ ರಾಜ್ಯದಲ್ಲಿ 1978ರಲ್ಲಿ ಹುಟ್ಟಿದ ಕೇಟಿ ಬೆಕೆಟ್, ಕೆಲವೇ ತಿಂಗಳ ಕೂಸಾಗಿದ್ದಾಗ ಮೆದುಳಿನ ಉರಿಯೂತಕ್ಕೆ ತುತ್ತಾಗಿ ವೆಂಟಿಲೇಟರ್ ಆಸರೆಗೆ ಬಂದಳು. ಮನೆಯಲ್ಲಿ ನೋಡಿಕೊಳ್ಳಬಹುದು ಎನ್ನುವಷ್ಟು ಸುಧಾರಿಸಿದ ಮೇಲೂ ಅವಳು ಹೊರಬರುವಂತಿರಲಿಲ್ಲ. ಸರ್ಕಾರದ ಮೆಡಿಕೇಡ್ ಯೋಜನೆ ಆಸ್ಪತ್ರೆಯ ಬಿಲ್ಲನ್ನು ಕಟ್ಟುತ್ತಿತ್ತು. ಮಗು ಮನೆಗೆ ಬಂದರೆ ಹೆತ್ತವರ ಆದಾಯ ಲೆಕ್ಕಕ್ಕೆ ಸೇರಿ ನೆರವು ನಿಂತುಹೋಗುತ್ತಿತ್ತು. ಮನೆಯ ಆರೈಕೆಗೆ ಆರನೇ ಒಂದು ಪಾಲು ಖರ್ಚು ಸಾಕಿರುವಾಗ ಇದೆಂಥ ನಿಯಮ ಎಂದು ಅಧ್ಯಕ್ಷ ರೇಗನ್ 1981ರ ನವೆಂಬರಿನಲ್ಲಿ ಪತ್ರಿಕಾಗೋಷ್ಠಿಯಲ್ಲೇ ಕೇಳಿದರು. ಡಿಸೆಂಬರಿನಲ್ಲಿ ಕೇಟಿ ಮನೆಗೆ ಬಂದಳು. 34 ವರ್ಷ ಬದುಕಿದಳು.

ಇಂಥ ಮಕ್ಕಳು ಮನೆಗೆ ಬಂದದ್ದೇ, ಹಳೆಯ ನಡುರಾತ್ರಿಯ ದಿಗಿಲೂ ಬಂತು. ಎಮರ್ಜೆನ್ಸಿಗೆ ಓಡಿದರೆ ಅಲ್ಲಿನ ಹೊಸ ವೈದ್ಯರಿಗೆ ಮಗುವಿನ ಕಥೆಯನ್ನೆಲ್ಲ ಮೊದಲಿಂದ ಹೇಳಬೇಕು. ಹ್ಯೂಸ್ಟನ್ನಿನ ಒಂದು ಕ್ಲಿನಿಕ್ ಇದಕ್ಕೆ ಮಾಡಿದ ಉಪಾಯ ಸರಳ: ಮಗುವನ್ನು ಬಲ್ಲ ವೈದ್ಯರೇ ಹಗಲಿರುಳೂ ಫೋನಿಗೆ ಸಿಗಬೇಕು. 201 ಮಕ್ಕಳ ಮೇಲಿನ ಆ ಅಧ್ಯಯನ 2014ರಲ್ಲಿ ಪ್ರಕಟವಾಯಿತು; ಗಂಭೀರ ಕಾಯಿಲೆಯೂ ಖರ್ಚೂ ಇಳಿದಿದ್ದವು. ವಿಡಿಯೋ ಸೇರಿದ್ದು ಆಮೇಲೆ. 2018ರಿಂದ 2020ರವರೆಗಿನ ಪ್ರಯೋಗದಲ್ಲಿ, ಚಿಕಿತ್ಸೆಗಾಗಿ ಮನೆಯಿಂದ ಹೊರಗೆ ಕಳೆಯುವ ದಿನಗಳು ಇನ್ನಷ್ಟು ಕಡಿಮೆಯಾದವು. ಕ್ಯಾಮೆರಾದ ಗುಣಗಾನದಲ್ಲಿ ಈ ಹಿಂದುಮುಂದು ಮರೆತುಹೋಗುವುದುಂಟು.

ಭಾರತದ ಟೆಲಿಮೆಡಿಸಿನ್ ಮಾರ್ಗಸೂಚಿ ಹೊರಬಿದ್ದದ್ದು 2020ರ ಮಾರ್ಚ್ 25ರಂದು, ಲಾಕ್‌ಡೌನಿನ ಮೊದಲ ದಿನ. ಮಕ್ಕಳ ಜೊತೆ ದೊಡ್ಡವರೊಬ್ಬರು ಇರಲೇಬೇಕು ಎಂದಿತು. ಮೊದಲ ಸಲ ನೋಡುವ ರೋಗಿಗಿಂತ, ಮೊದಲೇ ನೋಡಿದ ರೋಗಿಗೆ ಹೆಚ್ಚಿನ ಔಷಧಿಗಳನ್ನು ಬರೆಯಲು ವೈದ್ಯರಿಗೆ ಅವಕಾಶ ಕೊಟ್ಟಿತು. ಮನೆಯಲ್ಲಿ ಯಂತ್ರ, ನಳಿಗೆ, ದಾದಿಯ ಖರ್ಚನ್ನು ಯಾರು ಹೊರಬೇಕೆಂಬ ಬೆಕೆಟ್ ಕುಟುಂಬದ ಪ್ರಶ್ನೆ ಮಾತ್ರ ಆ ಪುಟಗಳಲ್ಲಿ ಬರಲಿಲ್ಲ.