ದಿಲ್‌ಸುಖ್‌ನಗರದಿಂದ ಮಲ್ಲಿಗೆಯ ಚಪ್ಪರದವರೆಗೆ

ಹೈದರಾಬಾದಿನ ದಿಲ್‌ಸುಖ್‌ನಗರ ಎಂಬ ಹೆಸರಿನಲ್ಲೇ ಹೃದಯವೂ ಇದೆ, ಸುಖವೂ ಇದೆ. ಹೈದರಾಬಾದಿನ ಕವಿಗಳು ಮಾತ್ರ ಆ ಸುಖವನ್ನು, ಅಂದರೆ ಪ್ರೇಮವನ್ನು, ಕಾಲಕ್ಕೊಂದು ಬಗೆಯಲ್ಲಿ ಕಂಡರು.

1591ರಲ್ಲಿ ನಗರ ಕಟ್ಟಿಸಿದ ಮುಹಮ್ಮದ್ ಕುಲಿ ಕುತುಬ್ ಷಾ ದಖನಿ ಭಾಷೆಯಲ್ಲಿ ಬರೆದ ಅರಸ. ಅವನ ಒಲವಿಗೆ ಮರೆಯಿಲ್ಲ. ತನ್ನ ‘ಪ್ಯಾರಿ’ಯರ ಚೆಲುವು, ವಸಂತದ ಹಬ್ಬ, ಮಳೆಗಾಲದ ಸಂಭ್ರಮ ಎಲ್ಲವೂ ಅವನ ಪದ್ಯಗಳಲ್ಲಿ ಒಂದೇ ಉಸಿರಿನಲ್ಲಿ ಬರುತ್ತವೆ. ಇದು ಪಡೆದವನ ಪ್ರೇಮ.

ಎರಡು ಶತಮಾನಗಳ ನಂತರ ಹೆಣ್ಣಿನ ದನಿ ಕೇಳಿತು. ನಿಜಾಮರ ದರ್ಬಾರಿನ ಗಾಯಕಿ, ನರ್ತಕಿ ಮಹ್ ಲಕಾ ಬಾಯಿ ಚಂದಾ (1768–1824) ಐದೈದು ದ್ವಿಪದಿಗಳ ಗಜಲುಗಳನ್ನು ಬರೆದಳು. ಅಲ್ಲಿ ಪ್ರೇಮಕ್ಕೆ ಕಟ್ಟುನಿಟ್ಟಿನ ಶಿಸ್ತು. ಲೌಕಿಕ ವಿರಹ ಕೊನೆಯ ಸಾಲುಗಳಲ್ಲಿ ಪ್ರವಾದಿಯ ಅಳಿಯ ಮೌಲಾ ಅಲಿಯ ಭಕ್ತಿಗೆ ಹೊರಳುತ್ತದೆ. ಅಕ್ಕಮಹಾದೇವಿಯನ್ನು ಬಲ್ಲ ಕನ್ನಡಿಗರಿಗೆ ಈ ಹೊರಳು ಅಪರಿಚಿತವಲ್ಲ. ಆದರೆ ಅಕ್ಕ ಅರಮನೆ ತೊರೆದಳು, ಚಂದಾ ದರ್ಬಾರಿನಲ್ಲೇ ಉಳಿದಳು.

ಕಮ್ಯುನಿಸ್ಟ್ ಹೋರಾಟಗಾರ ಮಖ್ದೂಮ್ ಮೊಹಿಯುದ್ದೀನ್ (1908–1969) ಪ್ರೇಮವನ್ನು ಬೀದಿಗೆ ತಂದರು. ಅವರ ಕವನ ಸಂಕಲನ ‘ಸುರ್ಖ್ ಸವೇರಾ’ 1944ರದು. ಕೆ.ಎಸ್. ನರಸಿಂಹಸ್ವಾಮಿಯವರ ‘ಮೈಸೂರು ಮಲ್ಲಿಗೆ’ಗಿಂತ ಎರಡೇ ವರ್ಷ ಕಿರಿಯದು. ಕನ್ನಡದ ಕವಿ ಮಧ್ಯಮವರ್ಗದ ಮನೆಯೊಳಗಿನ ದಾಂಪತ್ಯವನ್ನು ಹಾಡಿದರೆ, ಹೈದರಾಬಾದಿನ ಕವಿಗೆ ಒಲವೂ ಕ್ರಾಂತಿಯೂ ಒಂದೇ ಕನಸು.

ಮುಂದೆ ಮಖ್ದೂಮರೂ ಚಮೇಲಿಯ, ಅಂದರೆ ಮಲ್ಲಿಗೆಯ, ಚಪ್ಪರದಡಿ ಇಬ್ಬರು ಪ್ರೇಮಿಗಳನ್ನು ನಿಲ್ಲಿಸಿದರು. ಆ ಕವಿತೆ 1964ರ ‘ಚಾ ಚಾ ಚಾ’ ಹಿಂದಿ ಚಿತ್ರದ ಹಾಡಾಗಿ, ಗಜಲು ಓದದವರ ಬಾಯಲ್ಲೂ ನಲಿಯಿತು.