ಕ್ಯಾಮ್ ದಂಡದ ಸವೆತ ಮತ್ತು ಕೀಲೆಣ್ಣೆಯ ಇತಿಹಾಸ: ಒಂದು ವಿವೇಚನೆ

ಯಂತ್ರಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಲೋಹದ ಭಾಗಗಳನ್ನೇ ಗಮನಿಸುತ್ತಾರೆ. ಆ ಭಾಗಗಳ ನಡುವೆ ಹರಿಯುವ ಎಣ್ಣೆಯನ್ನು ಗಮನಿಸುವವರು ಕಡಮೆ. ಇಂಜಿನ್ನು ಉಳಿದುಬರುತ್ತದೆ, ಎಣ್ಣೆ ಉಳಿಯುವುದಿಲ್ಲ. ಆದುದರಿಂದ ಈ ಉಪೇಕ್ಷೆ ಸಹಜವೇ ಸರಿ. ಆದರೆ ಹಳೆಯ ಮೋಟಾರು ಕಾರೊಂದನ್ನು ಓಡುವ ಸ್ಥಿತಿಯಲ್ಲಿ ಉಳಿಸಿಕೊಳ್ಳಬಯಸುವವರಿಗೆ ಇದು ದುಬಾರಿಯಾಗಿ ಪರಿಣಮಿಸಬಲ್ಲದು. ಇಂಜಿನ್ನನ್ನು ಬಿಚ್ಚಿ, ಹೊಸ ಕ್ಯಾಮ್ ದಂಡವನ್ನು ಕೂರಿಸಿ, ಪೇಟೆಯಲ್ಲಿ ದೊರೆಯುವ ಒಳ್ಳೆಯ ಎಣ್ಣೆಯನ್ನೇ ತುಂಬಿದರೂ ಆ ದಂಡ ಅಲ್ಪಕಾಲದಲ್ಲೇ ಸವೆದು ಹಾಳಾಗುವುದುಂಟು. ಹಳೆಯ ಇಂಜಿನ್ನಿಗೆ ಯಾವ ಎಣ್ಣೆ ತಕ್ಕುದು ಎಂಬ ಪ್ರಶ್ನೆಗೆ ಉತ್ತರವು ರಸಾಯನಶಾಸ್ತ್ರದಲ್ಲಿ ಎಷ್ಟಿದೆಯೋ ಇತಿಹಾಸದಲ್ಲಿಯೂ ಅಷ್ಟೇ ಇದೆಯೆಂಬುದನ್ನು ತೋರಿಸುವುದು ಈ ಲೇಖನದ ಉದ್ದೇಶ.

ಮೊದಲು ಸವೆತದ ಸ್ವರೂಪವನ್ನು ನೋಡೋಣ. ಕ್ಯಾಮ್ ದಂಡವೆಂದರೆ ಮೊಟ್ಟೆಯಾಕಾರದ ಉಬ್ಬುಗಳುಳ್ಳ ಸರಳು. ನಾಲ್ಕು ಹೊಡೆತದ ಇಂಜಿನ್ನಿನಲ್ಲಿ ಅದು ಮುಖ್ಯದಂಡದ ಅರ್ಧ ವೇಗದಲ್ಲಿ ತಿರುಗುತ್ತ, ಟ್ಯಾಪೆಟ್ಟುಗಳ ಮೂಲಕ ಕವಾಟಗಳನ್ನು ತೆರೆಯುತ್ತದೆ. ಅವುಗಳನ್ನು ಮುಚ್ಚುವುದು ಸ್ಪ್ರಿಂಗಿನ ಕೆಲಸ. ಚಪ್ಪಟೆ ತಳದ ಟ್ಯಾಪೆಟ್ಟು ಉಬ್ಬಿನ ತುದಿಯನ್ನು ಒಂದು ಕಿರಿದಾದ ಜಾಗದಲ್ಲಿ ಮಾತ್ರ ಮುಟ್ಟುವುದರಿಂದ, ಸ್ಪ್ರಿಂಗಿನ ಭಾರವೆಲ್ಲ ಅಲ್ಲಿಯೇ ಬೀಳುತ್ತದೆ. ಇಂಜಿನ್ನು ವೇಗವಾಗಿ ತಿರುಗುವಾಗ ಚಲಿಸುವ ಭಾಗಗಳ ಜಡತ್ವವು ಉಬ್ಬಿನ ತುದಿಯ ಮೇಲಣ ಭಾರವನ್ನು ಸ್ವಲ್ಪ ಇಳಿಸುತ್ತದೆ. ನಿಂತಲ್ಲೇ ಮೆಲ್ಲನೆ ತಿರುಗುವಾಗ ಈ ಸಹಾಯವಿಲ್ಲ. ಎಣ್ಣೆಯ ಪೊರೆಯೂ ತೆಳುವಾಗಿರುತ್ತದೆ. ಆದುದರಿಂದಲೇ ಹೊಸ ದಂಡವನ್ನು ಕೂರಿಸಿದ ಕೂಡಲೇ ಇಂಜಿನ್ನನ್ನು ಮಂದಗತಿಯಲ್ಲಿ ಬಿಡಬಾರದೆಂದು ಕುಶಲಿಗಳು ಎಚ್ಚರಿಸುತ್ತಾರೆ. ಗಟ್ಟಿಗೊಳಿಸಿದ ಮೇಲ್ಪದರ ಒಮ್ಮೆ ಹೋದರೆ ಮುಂದಿನ ನಾಶ ಶೀಘ್ರವಾಗಿ ಆಗುತ್ತದೆ.

ಮೋಟಾರಿನ ಆದಿಕಾಲದಲ್ಲಿ ಈ ಸಮಸ್ಯೆ ಇಷ್ಟು ತೀವ್ರವಾಗಿರಲಿಲ್ಲ. ಆಗಿನ ಇಂಜಿನ್ನುಗಳ ವೇಗ ಕಡಮೆ, ಸ್ಪ್ರಿಂಗುಗಳೂ ಮೃದು. ಎಣ್ಣೆಯಾದರೋ ಬಹುಮಟ್ಟಿಗೆ ಏನನ್ನೂ ಬೆರೆಸದ ಖನಿಜ ತೈಲ. ಓಟದ ಕಾರುಗಳಿಗೂ ವಿಮಾನಗಳಿಗೂ ನಮಗೆಲ್ಲ ಪರಿಚಿತವಾದ ಹರಳೆಣ್ಣೆಯೂ ಬಳಕೆಯಲ್ಲಿತ್ತು. ಕ್ಯಾಸ್ಟ್ರಾಲ್ ಎಂಬ ಹೆಸರು ಹರಳೆಣ್ಣೆಯ ಇಂಗ್ಲಿಷ್ ಹೆಸರಿನಿಂದಲೇ ಬಂದುದು. 1911ರಲ್ಲಿ ಅಮೆರಿಕದ ಎಸ್.ಎ.ಇ. ಸಂಸ್ಥೆಯು ಎಣ್ಣೆಗಳನ್ನು ವರ್ಗೀಕರಿಸಿತಾದರೂ ಅದರ ಆಧಾರ ಸ್ನಿಗ್ಧತೆಯೊಂದೇ. ಎಣ್ಣೆಯಲ್ಲಿ ಏನು ಬೆರೆತಿದೆ ಎಂಬ ಪ್ರಶ್ನೆ ಇನ್ನೂ ಹುಟ್ಟಿರಲಿಲ್ಲ.

1940ರ ದಶಕದಲ್ಲಿ ಸತು, ರಂಜಕ, ಗಂಧಕಗಳನ್ನೊಳಗೊಂಡ ಒಂದು ಸಂಯುಕ್ತ ಎಣ್ಣೆಗಳಿಗೆ ಸೇರಿತು. ಅದನ್ನು ಸಂಕ್ಷೇಪವಾಗಿ ಝಡ್.ಡಿ.ಡಿ.ಪಿ. ಎನ್ನುತ್ತಾರೆ. ಗಮನಾರ್ಹವಾದ ಸಂಗತಿಯೆಂದರೆ, ಇದನ್ನು ತಂದುದು ಕ್ಯಾಮ್ ದಂಡಕ್ಕಾಗಿ ಅಲ್ಲ. ತಾಮ್ರ-ಸೀಸದ ಬೇರಿಂಗುಗಳು ಕೊರೆದುಹೋಗದಂತೆಯೂ ಎಣ್ಣೆ ಬೇಗ ಕೆಡದಂತೆಯೂ ತಡೆಯುವುದೇ ಅದರ ಮೂಲೋದ್ದೇಶ. ಅಷ್ಟರಲ್ಲಿ ಇಂಜಿನ್ನಿನ ರಚನೆಯೇ ಬದಲಾಯಿತು. 1949ರಲ್ಲಿ ಜನರಲ್ ಮೋಟಾರ್ಸ್‌ನ ಕ್ಯಾಡಿಲಾಕ್ ಮತ್ತು ಓಲ್ಡ್ಸ್‌ಮೊಬೀಲ್ ಕಾರುಗಳು ಕವಾಟಗಳನ್ನು ಮೇಲ್ಭಾಗದಲ್ಲಿ ಹೊಂದಿದ ಎಂಟು ಸಿಲಿಂಡರಿನ ಹೊಸ ಇಂಜಿನ್ನುಗಳೊಡನೆ ಬಂದವು. ಇತರರೂ ಅದೇ ಹಾದಿ ಹಿಡಿದರು. ವೇಗ ಹೆಚ್ಚಿತು, ಸ್ಪ್ರಿಂಗು ಬಿರುಸಾಯಿತು, ಉಬ್ಬುಗಳು ಸವೆಯತೊಡಗಿದವು. ಆಗ ಬೇರಿಂಗಿಗಾಗಿ ಬಂದಿದ್ದ ಸಂಯುಕ್ತವೇ ಇಲ್ಲಿಯೂ ರಕ್ಷಕವೆಂದು 1950ರ ದಶಕದಲ್ಲಿ ತಿಳಿದುಬಂದಿತು. ಉಜ್ಜಾಟದ ಒತ್ತಡಕ್ಕೂ ಶಾಖಕ್ಕೂ ಒಳಗಾದಾಗ ಅದು ವಿಘಟನೆ ಹೊಂದಿ, ಲೋಹದ ಮೇಲೆ ಗಾಜಿನಂತಹ ಒಂದು ಪೊರೆಯನ್ನು ಕಟ್ಟುತ್ತದೆ. ಪೊರೆಯ ದಪ್ಪ ಸುಮಾರು 100 ನ್ಯಾನೊಮೀಟರು. ಲೋಹಕ್ಕೆ ಬದಲಾಗಿ ಪೊರೆ ಸವೆಯುತ್ತದೆ, ಮತ್ತೆ ಕಟ್ಟಿಕೊಳ್ಳುತ್ತದೆ.

ಇದರ ಇಳಿಮುಖಕ್ಕೂ ಕಾರಣ ಕ್ಯಾಮ್ ದಂಡವಲ್ಲ, ನಗರದ ಗಾಳಿ. ಅಮೆರಿಕದ 1970ರ ಶುದ್ಧವಾಯು ಶಾಸನದ ಫಲವಾಗಿ, 1975ರ ಮಾದರಿಯ ಕಾರುಗಳಿಂದ ಮೊದಲುಗೊಂಡು, ಹೊಗೆಯನ್ನು ಶುದ್ಧಿಮಾಡುವ ವೇಗವರ್ಧಕ ಪಾತ್ರೆಗಳು ಬಳಕೆಗೆ ಬಂದವು. ಎಣ್ಣೆಯೊಡನೆ ಉರಿದುಹೋಗುವ ರಂಜಕವು ಆ ವೇಗವರ್ಧಕಕ್ಕೆ ವಿಷಪ್ರಾಯ. ಆದಕಾರಣ ತೆಳು ಎಣ್ಣೆಗಳಲ್ಲಿ ರಂಜಕದ ಪರಮಾವಧಿಯನ್ನು 1990ರ ದಶಕದ ಉತ್ತರಾರ್ಧದಲ್ಲಿ ಶೇಕಡಾ 0.10ಕ್ಕೂ, 2004ರಲ್ಲಿ ಎ.ಪಿ.ಐ. ಸಂಸ್ಥೆಯ ಎಸ್.ಎಂ. ವರ್ಗದೊಡನೆ ಶೇಕಡಾ 0.08ಕ್ಕೂ ಇಳಿಸಲಾಯಿತು. ಈ ಮಧ್ಯೆ ಹೊಸ ಇಂಜಿನ್ನುಗಳಲ್ಲಿ ಅನೇಕವು ಉರುಳೆಯುಳ್ಳ ಟ್ಯಾಪೆಟ್ಟುಗಳನ್ನು ಪಡೆದಿದ್ದುದರಿಂದ ಅವುಗಳಿಗೆ ನಷ್ಟವಾಗಲಿಲ್ಲ. ನಷ್ಟದ ಭಯ ಉಳಿದುದು ಹಳೆಯವುಗಳಿಗೆ.

ಎಲ್ಲ ಸವೆತಕ್ಕೂ ಎಣ್ಣೆಯೇ ಹೊಣೆಯೆಂದರೆ ಅತಿಶಯೋಕ್ತಿಯಾದೀತು. ಬಿಡಿಭಾಗದ ಲೋಹ ಮೃದುವಾಗಿರುವುದು, ಟ್ಯಾಪೆಟ್ಟು ತನ್ನ ಸುತ್ತ ತಾನು ತಿರುಗದಿರುವುದು, ಮೊದಲ ಅರ್ಧ ಗಂಟೆಯ ಅಜಾಗ್ರತೆ—ಇವೂ ಕಾರಣಗಳೇ. ಸಂಯುಕ್ತವನ್ನು ಮಿತಿಮೀರಿ ಬೆರೆಸಿದರೆ ರಕ್ಷಣೆಯೂ ಅದೇ ಪ್ರಮಾಣದಲ್ಲಿ ಹೆಚ್ಚುವುದಿಲ್ಲ.

ಹೀಗಿರುವಲ್ಲಿ ‘ಹಳೆಯ ಕಾರು’ ಎಂಬ ಒಂದೇ ಮಾತು ಸಾಲದೆಂಬುದು ಸ್ಪಷ್ಟ. 1920ರ ದಶಕದ ಮೃದು ಸ್ಪ್ರಿಂಗಿನ ಇಂಜಿನ್ನು ಈ ಸಂಯುಕ್ತವನ್ನು ಕಾಣದೆಯೇ ಬಾಳಿದುದು. ಅದಕ್ಕೆ ಮುಖ್ಯವಾದುದು ತಕ್ಕ ಸ್ನಿಗ್ಧತೆ. 1950ರಿಂದ 1980ರ ದಶಕದವರೆಗಿನ ಚಪ್ಪಟೆ ಟ್ಯಾಪೆಟ್ಟಿನ ಇಂಜಿನ್ನಿಗೆ ಇದು ಅವಶ್ಯಕ. ವೇಗವರ್ಧಕವುಳ್ಳ ಕಾರಿಗೆ ಇದರ ಆಧಿಕ್ಯ ಹಾನಿಕರ. ನಮ್ಮ ರಸ್ತೆಗಳಲ್ಲಿ 2014ರವರೆಗೆ ತಯಾರಾಗಿ ಬಂದ ಅಂಬಾಸಡರ್ ಕಾರಿನ ಉದಾಹರಣೆಯನ್ನೇ ತೆಗೆದುಕೊಳ್ಳಬಹುದು. ಅದರಲ್ಲಿ ಬಹುಕಾಲ ಬಳಕೆಯಲ್ಲಿದ್ದ 1489 ಘನ ಸೆಂಟಿಮೀಟರಿನ ಪೆಟ್ರೋಲ್ ಇಂಜಿನ್ನು ಬ್ರಿಟನ್ನಿನ ಬಿ.ಎಂ.ಸಿ. ಕಂಪನಿಯ ರಚನೆ; ಟ್ಯಾಪೆಟ್ಟು ಚಪ್ಪಟೆಯೇ. ಅಂದರೆ ಅದು ಎರಡನೆಯ ವರ್ಗಕ್ಕೆ ಸೇರಿದುದು. ಮೇಲೆ ಹೇಳಿದ ರಂಜಕದ ಮಿತಿ 20ಡಬ್ಲ್ಯು-50ರಂತಹ ಗಟ್ಟಿ ಎಣ್ಣೆಗಳಿಗೆ ಅನ್ವಯಿಸುವುದಿಲ್ಲವಾದುದರಿಂದ ಅದರ ಒಡೆಯನಿಗೆ ದಾರಿ ಮುಚ್ಚಿಲ್ಲ. ತಯಾರಕರ ವಿವರಪತ್ರದಲ್ಲಿ ರಂಜಕದ ಪ್ರಮಾಣವನ್ನು ನೋಡಿ ಆರಿಸಿಕೊಳ್ಳಬಹುದು.

ಯಂತ್ರವೊಂದು ಒಂಟಿಯಾಗಿ ಹುಟ್ಟುವುದಿಲ್ಲ. ತನ್ನ ಕಾಲದ ಲೋಹ, ಇಂಧನ, ಎಣ್ಣೆಗಳೊಡನೆ ಹುಟ್ಟುತ್ತದೆ. ಸಂಗತಿಗಳು ಚದುರಿಹೋದ ಮೇಲೆ ಅದನ್ನು ಉಳಿಸಬೇಕಾದರೆ ಆ ಕಾಲವನ್ನು ಅರಿತಿರಬೇಕು. ವಸ್ತುಸಂಗ್ರಹಾಲಯಗಳಲ್ಲಿ ಕಾರಿನ ಪಕ್ಕದಲ್ಲಿ ಅದು ತಯಾರಾದ ವರ್ಷವನ್ನು ಬರೆದಿಡುವುದು ರೂಢಿ. ಆಗ ಅದಕ್ಕೆ ಹಾಕುತ್ತಿದ್ದ ಎಣ್ಣೆ ಯಾವುದೆಂಬುದನ್ನೂ ಬರೆದಿಡುವುದು ಮುಂದಿನವರಿಗೆ ಉಪಕಾರವಾದೀತು.