ಫೋಟೋಕ್ಕೆ ಸಿನಿಮಾದ ಬಣ್ಣಗಾರಿಕೆ

ಕಲಬುರಗಿಯಿಂದ ಹುಮನಾಬಾದ್ ರಸ್ತೆ ಹಿಡಿದರೆ ಕಮಲಾಪುರ ಸಿಗುತ್ತದೆ. ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಅಲ್ಲಿನ ಕೆಂಪು ಬಾಳೆ ಫೋಟೋ ತೆಗೆಯುವವರ ಕೈಯನ್ನು ಪರೀಕ್ಷಿಸುವಂಥದ್ದು. ಸಿಪ್ಪೆ ಕಂದುಗೆಂಪು, ತಿರುಳು ಕೆನೆಬಣ್ಣ, ಸುತ್ತ ಎಲೆಗಳ ಹಸಿರು. ಸ್ಯಾಚುರೇಷನ್ ತುಸು ಏರಿಸಿದರೆ ಕೆಂಪು ಕಣ್ಣಿಗೆ ಹೊಡೆಯುತ್ತದೆ. ಇಳಿಸಿದರೆ ಹಣ್ಣು ಬಾಡಿದಂತೆ ಕಾಣುತ್ತದೆ. ಹಸಿರನ್ನು ಮುಟ್ಟದೆ ಕೆಂಪನ್ನಷ್ಟೇ ಹದಕ್ಕೆ ತರುವ ಇಂಥ ಕೆಲಸಕ್ಕೆ ಸಿನಿಮಾದವರ ವಿಡಿಯೋ ಎಡಿಟಿಂಗ್ ಸಾಫ್ಟ್‌ವೇರನ್ನೂ ತೆರೆಯುವ ಫೋಟೋಗ್ರಾಫರುಗಳು ಈಗ ಇದ್ದಾರೆ. ಬೇರೆ ಬೇರೆ ದಾರಿಯಲ್ಲಿ ಬೆಳೆದ ಎರಡು ಕಸುಬುಗಳು ಇಲ್ಲಿ ಕೂಡಿವೆ.

ಮೊದಲು ಫೋಟೋದ ದಾರಿ ನೋಡೋಣ. ಕಲಬುರಗಿ 1948ರವರೆಗೆ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಆ ಸಂಸ್ಥಾನದ ಛಾಯಾಗ್ರಹಣಕ್ಕೆ ಹೆಸರು ತಂದವರು ಆರನೇ ನಿಜಾಮ ಮೆಹಬೂಬ್ ಅಲಿ ಖಾನರ ಆಸ್ಥಾನ ಛಾಯಾಗ್ರಾಹಕ ರಾಜಾ ದೀನ್ ದಯಾಳ್. ಆ ಕಾಲದ ಪಟಗಳು ಏಕವರ್ಣದವು. ಬಣ್ಣ ಬೇಕೆಂದವರಿಗೆ ಕಲಾವಿದರು ಕುಂಚ ಹಿಡಿದು ತುಂಬಿಕೊಡುತ್ತಿದ್ದರು. ಮುಂದೆ ಸ್ಟುಡಿಯೋಗಳಲ್ಲಿ ನೆಗೆಟಿವ್ ಮೇಲೆ ಪೆನ್ಸಿಲ್‌ನಿಂದ ಟಚಿಂಗ್ ಮಾಡುವ ನುರಿತ ಕೈಗಳು ಬಂದವು. ಕಲರ್ ಫಿಲ್ಮ್ ಬಂದ ಮೇಲೆ ಬಣ್ಣದ ಹಿಡಿತ ಸ್ಟುಡಿಯೋದಿಂದ ಕಲರ್ ಲ್ಯಾಬ್‌ಗೆ ಹೋಯಿತು. 1990ರಲ್ಲಿ ಹೊರಬಂದ ಫೋಟೋಶಾಪ್ ಆ ಹಿಡಿತವನ್ನು ಸ್ಟುಡಿಯೋಗೆ ಮರಳಿಸಿತು. 2007ರ ಲೈಟ್‌ರೂಮ್ ನೂರಾರು ಫೋಟೋಗಳನ್ನು ಒಟ್ಟಿಗೆ ತಿದ್ದುವ ಅನುಕೂಲ ತಂದಿತು.

ಸಿನಿಮಾದ್ದು ಬೇರೆ ದಾರಿ. ಕನ್ನಡದ ಮೊದಲ ವರ್ಣಚಿತ್ರ ‘ಅಮರಶಿಲ್ಪಿ ಜಕಣಾಚಾರಿ’ ತೆರೆಕಂಡದ್ದು 1964ರಲ್ಲಿ. ಆಗ ಪ್ರಿಂಟ್ ತೆಗೆಯುವಾಗ ಕೆಂಪು, ಹಸಿರು, ನೀಲಿ ಬೆಳಕನ್ನು ಹೆಚ್ಚು ಕಡಿಮೆ ಮಾಡುವುದೇ ಬಣ್ಣ ತಿದ್ದುವ ವಿಧಾನ. 2000ದಲ್ಲಿ ಬಂದ ಹಾಲಿವುಡ್‌ನ ‘ಓ ಬ್ರದರ್, ವೇರ್ ಆರ್ಟ್ ದೌ?’ ಚಿತ್ರವನ್ನು ಪೂರ್ತಿಯಾಗಿ ಸ್ಕ್ಯಾನ್ ಮಾಡಿ, ಹಚ್ಚಹಸಿರಿನ ಹೊಲಗಳನ್ನು ಒಣಗಿದ ಹಳದಿಗೆ ತಿರುಗಿಸಿದಾಗ ಡಿಐ (ಡಿಜಿಟಲ್ ಇಂಟರ್‌ಮೀಡಿಯೇಟ್) ಎಂಬ ಹೊಸ ಕಸುಬು ನೆಲೆ ಕಂಡಿತು. ಕಪ್ಪು-ಬಿಳುಪಿನ ಚಿತ್ರಗಳಿಗೂ ಕಂಪ್ಯೂಟರಿನ ಬಣ್ಣ ಬಂತು. 1965ರ ‘ಸತ್ಯ ಹರಿಶ್ಚಂದ್ರ’ 2008ರಲ್ಲಿ, 1971ರ ‘ಕಸ್ತೂರಿ ನಿವಾಸ’ 2014ರಲ್ಲಿ ಬಣ್ಣ ತೊಟ್ಟು ಮತ್ತೆ ತೆರೆಗೆ ಬಂದವು.

ಬಣ್ಣ ತಿದ್ದುವ ಇಂಥ ಉಪಕರಣಗಳು ಬಹುಕಾಲ ದೊಡ್ಡ ಲ್ಯಾಬ್‌ಗಳಿಗಷ್ಟೇ ಎಟುಕುತ್ತಿದ್ದವು. ಡಾ ವಿಂಚಿ ಸಿಸ್ಟಮ್ಸ್ 2004ರಲ್ಲಿ ತಂದ ‘ರಿಸಾಲ್ವ್’ ಕೂಡ ಹಾಗೆಯೇ ಇತ್ತು. 2009ರಲ್ಲಿ ಆಸ್ಟ್ರೇಲಿಯಾದ ಬ್ಲ್ಯಾಕ್‌ಮ್ಯಾಜಿಕ್ ಡಿಸೈನ್ ಆ ಕಂಪನಿಯನ್ನು ಕೊಂಡಿತು. 2011ರಲ್ಲಿ ರಿಸಾಲ್ವ್‌ನ ಉಚಿತ ಆವೃತ್ತಿ ಬಿಟ್ಟಿತು. ಫೋಟೋಗ್ರಾಫರುಗಳು ತೆರೆಯುವ ಸಾಫ್ಟ್‌ವೇರ್ ಇದೇ.

ಅಷ್ಟರಲ್ಲಿ ಕ್ಯಾಮೆರಾವೂ ಬದಲಾಗಿತ್ತು. 2008ರಲ್ಲಿ ನಿಕಾನ್ ಡಿ90, ಕ್ಯಾನನ್ 5ಡಿ ಮಾರ್ಕ್ 2 ಬಂದು, ಫೋಟೋ ತೆಗೆಯುವ ಕ್ಯಾಮೆರಾದಲ್ಲೇ ವಿಡಿಯೋ ಸಾಧ್ಯವಾಯಿತು. ಮದುವೆ ಕೆಲಸದಲ್ಲಿ ಇದರ ಪರಿಣಾಮ ಎದ್ದು ಕಾಣುತ್ತದೆ. ಆಲ್ಬಂ ಫೋಟೋಶಾಪ್‌ನಲ್ಲಿ, ವಿಡಿಯೋ ಮಿಕ್ಸಿಂಗ್ ಇನ್ನೊಂದರಲ್ಲಿ ತಯಾರಾದರೆ, ಆಲ್ಬಂನಲ್ಲಿ ಮರೂನ್ ಆಗಿರುವ ಸೀರೆ ವಿಡಿಯೋದಲ್ಲಿ ಇಟ್ಟಿಗೆ ಬಣ್ಣಕ್ಕೆ ತಿರುಗಬಹುದು. ಎರಡನ್ನೂ ಒಂದೇ ಟೈಮ್‌ಲೈನ್‌ನಲ್ಲಿ ಹಾಸಿಕೊಂಡು ತಿದ್ದಿದರೆ ಈ ತೊಡಕಿಲ್ಲ. ರಿಸಾಲ್ವ್‌ನ ಗ್ಯಾಲರಿಯಲ್ಲಿ ಉಳಿಸಿಟ್ಟ ಒಂದು ಚಿತ್ರದ ಗ್ರೇಡನ್ನು, ಅಂದರೆ ಬಣ್ಣದ ಹೊಂದಾಣಿಕೆಯನ್ನು, ಉಳಿದವಕ್ಕೆ ಹಚ್ಚಬಹುದು. ಎರಡನ್ನು ಅಕ್ಕಪಕ್ಕ ಇಟ್ಟು ಹೋಲಿಸಬಹುದು.

ಕಲಬುರಗಿ ಕೋಟೆಯೊಳಗಿನ, 1367ರ ಜಾಮಿ ಮಸೀದಿಯನ್ನೇ ತೆಗೆದುಕೊಳ್ಳಿ. ತೆರೆದ ಅಂಗಳವಿಲ್ಲದೆ ಪೂರ್ತಿ ಗುಮ್ಮಟಗಳಿಂದ ಮುಚ್ಚಿದ ಕಟ್ಟಡ ಅದು. ಒಳಗೆ ಬೆಳ್ಳನೆಯ ಕಮಾನುಗಳ ಸಾಲು, ನೆರಳು. ಹೊರಗೆ ಈ ಸೀಮೆಯ ಕಡುಬಿಸಿಲು. ರಿಸಾಲ್ವ್‌ನಲ್ಲಿ ಲಿಫ್ಟ್, ಗಾಮಾ, ಗೇನ್ ಚಕ್ರಗಳು ಕಡುನೆರಳು, ನಡುಬೆಳಕು, ಹೊಳಪುಗಳ ಮೇಲೆ ಹಿಡಿತ ಕೊಡುತ್ತವೆ. ನೆರಳು ಎತ್ತುವುದಕ್ಕೊಂದು ನೋಡ್ (ತಿದ್ದುಪಡಿಯ ಒಂದು ಘಟಕ), ಕಮಾನಿನ ಹಳದಿ ಛಾಯೆ ತೆಗೆಯುವುದಕ್ಕೆ ಮತ್ತೊಂದು, ಬಾಗಿಲ ಬೆಳಕು ತಗ್ಗಿಸಲು ಚಿತ್ರದ ಒಂದು ಭಾಗವನ್ನಷ್ಟೇ ಆವರಿಸುವ ಪವರ್ ವಿಂಡೋ ಇರುವ ಮೂರನೆಯದು: ಹೀಗೆ ಕೆಲಸ ಬಿಡಿಬಿಡಿಯಾಗಿ ನಿಲ್ಲುತ್ತದೆ. ಬೇಡವಾದ ನೋಡನ್ನು ಆಫ್ ಮಾಡಿದರೆ ಸಾಕು.

ಆದರೆ ವಿಡಿಯೋ ಲೋಕದಿಂದ ಬಂದ ದೊಡ್ಡ ಕೊಡುಗೆಯೆಂದರೆ ಬೆಳಕು, ಬಣ್ಣಗಳನ್ನು ಅಳೆದು ತೋರಿಸುವ ಸ್ಕೋಪ್‌ಗಳು. ಬೆಳಕಿನ ಮಟ್ಟವನ್ನು ವೇವ್‌ಫಾರ್ಮ್ ತೋರಿಸಿದರೆ, ಬಣ್ಣ ಯಾವ ಕಡೆ ವಾಲಿದೆ ಎಂಬುದನ್ನು ವೆಕ್ಟರ್‌ಸ್ಕೋಪ್ ತೋರಿಸುತ್ತದೆ. ಅದರಲ್ಲಿ ಚರ್ಮದ ಬಣ್ಣಕ್ಕೆಂದೇ ಒಂದು ಗೆರೆಯಿದೆ. ಬೆಳ್ಳಗಿನವರಾಗಲಿ, ಕಪ್ಪಗಿನವರಾಗಲಿ, ಸಹಜ ಬೆಳಕಿನಲ್ಲಿ ಎಲ್ಲರ ಮೈಬಣ್ಣವೂ ಹೆಚ್ಚೂಕಡಿಮೆ ಆ ಗೆರೆಯ ಆಸುಪಾಸಿನಲ್ಲೇ ಬೀಳುತ್ತದೆ. ವ್ಯತ್ಯಾಸವಿರುವುದು ಮುಖ್ಯವಾಗಿ ಬೆಳಕಿನ ಮಟ್ಟದಲ್ಲಿ. ಕೊಡಾಕ್ ಕಂಪನಿ ಬಿಳಿಯ ಹೆಣ್ಣಿನ ‘ಶರ್ಲಿ ಕಾರ್ಡ್’ ಇಟ್ಟುಕೊಂಡು ದಶಕಗಳ ಕಾಲ ಲ್ಯಾಬ್‌ಗಳ ಬಣ್ಣ ಹೊಂದಿಸಿದ್ದರಿಂದ ಕಪ್ಪು ಮೈಬಣ್ಣಕ್ಕೆ ಅನ್ಯಾಯವಾಗಿತ್ತು. ಮದುಮಗಳ ಮುಖವನ್ನು ಒಂದೇ ಸಮ ಬೆಳ್ಳಗೆ ಮಾಡುವ ಇಂದಿನ ಪ್ರೀಸೆಟ್‌ಗಳು ಅದೇ ತಪ್ಪನ್ನು ಮುಂದುವರಿಸುತ್ತವೆ. ಬಿಸಿಲ ಸೀಮೆಯ ಜನರ ಮುಖ ಇದ್ದ ಬಣ್ಣದಲ್ಲೇ ಕಳೆಗಟ್ಟಬಲ್ಲದು. ಹಾಗೆ ತಿದ್ದುವುದಕ್ಕೆ ಸ್ಕೋಪ್ ಆಧಾರ ಕೊಡುತ್ತದೆ.

ಮಿತಿಗಳೂ ಇವೆ. ರಿಸಾಲ್ವ್‌ನ ಆವೃತ್ತಿಗೆ ತಕ್ಕಂತೆ, ಕ್ಯಾಮೆರಾದ ರಾ ಫೈಲನ್ನು ಮೊದಲು ಡಿಎನ್‌ಜಿಗೋ 16 ಬಿಟ್ ಟಿಫ್‌ಗೋ ಬದಲಿಸಿಕೊಳ್ಳಬೇಕಾಗಬಹುದು. ಸಾಲು ಸಂಖ್ಯೆಯ ಫೋಟೋಗಳನ್ನು ರಿಸಾಲ್ವ್ ಒಂದೇ ವಿಡಿಯೋ ತುಣುಕೆಂದು ಎಣಿಸುತ್ತದೆ. ಬಿಡಿಯಾಗಿ ತೋರಿಸುವಂತೆ ಸೆಟ್ಟಿಂಗ್ ಬದಲಿಸಬೇಕು. ಇನ್ನು ಉಚಿತ ಆವೃತ್ತಿಯಲ್ಲಿ ವಿಡಿಯೋ ಟೈಮ್‌ಲೈನ್‌ನ ಔಟ್‌ಪುಟ್ 3840×2160 ಪಿಕ್ಸೆಲ್‌ಗೆ ನಿಲ್ಲುತ್ತದೆ. 24 ಮೆಗಾಪಿಕ್ಸೆಲ್‌ನ ಅಡ್ಡ ಫೋಟೋ ಆ ಚೌಕಟ್ಟಿನಲ್ಲಿ ಸುಮಾರು 7 ಮೆಗಾಪಿಕ್ಸೆಲ್‌ಗೆ ಕುಗ್ಗುತ್ತದೆ. 300 ಡಿಪಿಐ ಲೆಕ್ಕದಲ್ಲಿ ಅದರ ಎತ್ತರ ಬರೀ 7.2 ಇಂಚು. 12×36 ಇಂಚಿನ ಮದುವೆ ಆಲ್ಬಂ ಹಾಳೆಗೆ ಅದು ಸಾಲದು.

ಇದಕ್ಕೊಂದು ದಾರಿಯಿದೆ. ರಿಸಾಲ್ವ್‌ನಲ್ಲಿ ಸಿದ್ಧಪಡಿಸಿದ ಬಣ್ಣವನ್ನು ಲಟ್ (ಲುಕಪ್ ಟೇಬಲ್) ಫೈಲ್ ಆಗಿ ಉಳಿಸಿ, ಫೋಟೋಶಾಪ್‌ನ ಕಲರ್ ಲುಕಪ್ ಮೂಲಕ ಪೂರ್ಣ ಗಾತ್ರದ ಫೋಟೋಕ್ಕೆ ಹಚ್ಚಬಹುದು. ಆ ಸೌಲಭ್ಯ 2012ರ ಸಿಎಸ್6ರಲ್ಲೇ ಬಂದಿದೆ. ಲಟ್ ಒಯ್ಯುವುದು ಬಣ್ಣದ ಲೆಕ್ಕವನ್ನಷ್ಟೇ. ಪವರ್ ವಿಂಡೋದಲ್ಲಿ ತಿದ್ದಿದ್ದನ್ನು ಫೋಟೋಶಾಪ್‌ನಲ್ಲಿ ಮತ್ತೆ ಮಾಡಬೇಕು. ಆಫ್‌ಸೆಟ್ ಮುದ್ರಣಕ್ಕೆ ಬೇಕಾದ ಸಿಎಂವೈಕೆ ಬದಲಾವಣೆಯೂ ಅಲ್ಲಿಯೇ ಆಗುತ್ತದೆ. ಹಾಗಾಗಿ ದೊಡ್ಡ ಆಲ್ಬಂಗಳ ಮಟ್ಟಿಗೆ ಬಣ್ಣ ಕಟ್ಟುವುದು ರಿಸಾಲ್ವ್‌ನಲ್ಲಿ, ಮುದ್ರಣಕ್ಕೆ ಸಿದ್ಧಗೊಳಿಸುವುದು ಫೋಟೋಶಾಪ್‌ನಲ್ಲಿ ಎಂದು ಕೆಲಸ ಹಂಚಿಕೊಳ್ಳುವುದೇ ಸದ್ಯಕ್ಕೆ ಅನುಕೂಲ.